ಗೊರಕೆ ನಿಂತಾಗ ಕಿವಿಗೊಡಿ

ಡೊಂಬಿವಲಿಯಿಂದ ನಸುಕಿಗೇ ಲೋಕಲ್ ಹತ್ತುವವರಿಗೆ ಘಾಟ್‌ಕೋಪರ್ ಬರುವಷ್ಟರಲ್ಲಿ ಕಣ್ಣು ಎಳೆಯುವುದು ಸಹಜ. ಮುಂಬೈಯಲ್ಲಿ ಎಷ್ಟೋ ಜನರಿಗೆ ನಿದ್ದೆಯೇ ಸಾಲದು. ಆದ್ದರಿಂದ ಮೊದಲು ಎರಡು ವಾರ ದಿನಕ್ಕೆ 7 ಗಂಟೆಗೆ ಕಡಿಮೆಯಾಗದಂತೆ ಮಲಗಿ ನೋಡಿ. ಆಮೇಲೂ ಹಗಲಲ್ಲಿ ತೂಕಡಿಕೆ ಬಿಡದಿದ್ದರೆ ರಾತ್ರಿಯ ಉಸಿರಿನ ಕಡೆ ಗಮನ ಕೊಡಬೇಕು.

ಮಾಟುಂಗಾದ ಹೋಟೆಲಿನ ಗಲ್ಲಾದಲ್ಲಿ ಕೂರುವ ನನ್ನ ಭಾವ ಚಿಲ್ಲರೆ ಎಣಿಸುತ್ತಲೇ ಕಣ್ಣು ಮುಚ್ಚುತ್ತಿದ್ದರು. ದಣಿವು ಅಂದುಕೊಂಡೆವು. ಒಂದು ರಾತ್ರಿ ಅಕ್ಕ ಮೊಬೈಲಿನಲ್ಲಿ ವಿಡಿಯೊ ಮಾಡಿದಳು. ಗರಗರ ಗೊರಕೆ, ಥಟ್ಟನೆ ಮೌನ. ಎದೆ, ಹೊಟ್ಟೆ ಏಳುತ್ತಿವೆ, ಮೂಗಿನಲ್ಲಿ ಗಾಳಿ ಆಡುತ್ತಿಲ್ಲ. ಕೊನೆಗೆ ಮುಳುಗಿ ಮೇಲೆ ಬಂದವರಂತೆ ಒಂದು ದೊಡ್ಡ ಉಸಿರು. ನಿದ್ದೆಯಲ್ಲಿ ಸಡಿಲವಾದ ಗಂಟಲು ಮುಚ್ಚಿಕೊಂಡಾಗ ಆಗುವುದು ಇದೇ, ಇದಕ್ಕೆ ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ಹೆದರಬೇಕಾದ್ದು ಗೊರಕೆಯ ಸದ್ದಿಗಲ್ಲ, ನಡುವಿನ ಆ ಮೌನಕ್ಕೆ. ನೀವೂ ವಿಡಿಯೊ ಮಾಡಿ, ಇಎನ್‌ಟಿ ಅಥವಾ ಶ್ವಾಸಕೋಶ ತಜ್ಞರಿಗೆ ತೋರಿಸಿ.

ಜೊತೆಗೆ ಬಿಪಿ ಇದೆಯೇ, ವಯಸ್ಸು 50 ದಾಟಿದೆಯೇ, ಕುತ್ತಿಗೆಯ ಸುತ್ತಳತೆ 40 ಸೆಂಟಿಮೀಟರ್ ಮೀರಿದೆಯೇ, ಬೆಳಗ್ಗೆ ತಲೆನೋವು ಬರುತ್ತದೆಯೇ ಎಂದು ಬರೆದುಕೊಂಡು ಹೋಗಿ. ವೈದ್ಯರು ತೂಕಡಿಕೆ ಅಳೆಯುವ ಎಪ್‌ವರ್ತ್ ಪಟ್ಟಿ ಕೊಡಬಹುದು: ಓದುವಾಗ, ಟಿವಿ ನೋಡುವಾಗ ಎಂಬಂಥ 8 ಸನ್ನಿವೇಶದಲ್ಲಿ ಜೊಂಪು ಹತ್ತುವ ಸಾಧ್ಯತೆ ಎಷ್ಟು ಎಂಬುದಕ್ಕೆ ಒಟ್ಟು 24 ಅಂಕ. 10 ದಾಟಿದರೆ ಹಗಲಿನ ನಿದ್ದೆ ಹೆಚ್ಚೆಂದೇ ಅರ್ಥ. ಗಾಡಿ ಓಡಿಸುವಾಗ ಒಮ್ಮೆಯಾದರೂ ಜೊಂಪು ಹತ್ತಿದ್ದರೆ ಅಂಕಕ್ಕೆ ಕಾಯಬೇಡಿ. ಪರೀಕ್ಷೆ, ಚಿಕಿತ್ಸೆಯಾಗಿ ತೂಕಡಿಕೆ ಹತೋಟಿಗೆ ಬರುವವರೆಗೆ ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಸ್ಟಿಯರಿಂಗ್ ಬೇರೆಯವರ ಕೈಗೆ ಕೊಡಿ, ದಯವಿಟ್ಟು.

ಲ್ಯಾಬಿನಲ್ಲಿ ಒಂದು ರಾತ್ರಿ ಮಲಗಿಸಿ ನಿದ್ದೆ, ಉಸಿರು ಅಳೆಯುವ ಪರೀಕ್ಷೆಯೇ ಸ್ಲೀಪ್ ಸ್ಟಡಿ. ಅದರಲ್ಲಿ ನೋವಿಲ್ಲ. ತಲೆ, ಕಣ್ಣಿನ ಪಕ್ಕ, ಗದ್ದ, ಕಾಲಿಗೆ ತಂತಿ. ಎದೆ, ಹೊಟ್ಟೆಗೆ ಪಟ್ಟಿ. ಬೆರಳಿಗೆ ಆಕ್ಸಿಜನ್ ಕ್ಲಿಪ್. ಅಂದು ತಲೆಗೆ ಎಣ್ಣೆ ಬೇಡ, ತಂತಿ ನಿಲ್ಲುವುದಿಲ್ಲ. ಮಧ್ಯಾಹ್ನದ ನಿದ್ದೆ, ಸಂಜೆಯ ಕಾಫಿ, ಮದ್ಯ ಬೇಡ. ಮನೆಯಲ್ಲೇ ಮಾಡುವ ಚಿಕ್ಕ ಪರೀಕ್ಷೆಯೂ ಇದೆ. ಆದರೆ ಹೃದಯ ಅಥವಾ ಶ್ವಾಸಕೋಶದ ಗಂಭೀರ ಕಾಯಿಲೆ ಇದ್ದವರಿಗೆ ಲ್ಯಾಬೇ ಸರಿ.

ವರದಿಯಲ್ಲಿ ಎಎಚ್ಐ ಹುಡುಕಿ. ಗಂಟೆಗೆ ಎಷ್ಟು ಬಾರಿ ಉಸಿರು 10 ಸೆಕೆಂಡಾದರೂ ನಿಂತಿತು ಅಥವಾ ಕ್ಷೀಣವಾಯಿತು ಎಂಬ ಲೆಕ್ಕ ಅದು. 5ರಿಂದ ಸೌಮ್ಯ, 15ರಿಂದ ಮಧ್ಯಮ, 30 ಮೀರಿದರೆ ತೀವ್ರ. ಭಾವನದು 41 ಬಂತು. ಈಗ ಅವರು ಸಿಪ್ಯಾಪ್ ಮಾಸ್ಕ್ ಹಾಕಿ ಮಲಗುತ್ತಾರೆ. ಅದರ ಗಾಳಿಯ ಒತ್ತಡ ಗಂಟಲನ್ನು ತೆರೆದಿಡುತ್ತದೆ. ಮೊದಲ ವಾರ ಕಿತ್ತೆಸೆಯುತ್ತಿದ್ದರು. ಮಾಸ್ಕಿನ ಅಳತೆ ಬದಲಿಸಿದ ಮೇಲೆ ಒಗ್ಗಿತು. ಅಕ್ಕ ಈಗ ರಾತ್ರಿ ಎದ್ದು ಅವರ ಉಸಿರು ನೋಡುವುದಿಲ್ಲ.