ನಾಯಿ ಗಿಡ ತಿನ್ನುತ್ತದೆಯೇ? ತೋಟ ಹೀಗೆ ಮಾಡಿ

ಸೆಕೆ, ತೇವ ಎರಡೂ ಇರುವ ಕಡೆ ಗಿಡ ಬೆಳೆಸುವುದು ಕಷ್ಟವಲ್ಲ. ಕಡ್ಡಿ ಊರಿದರೂ ಚಿಗುರುತ್ತದೆ. ಆ ಚಿಗುರನ್ನೆಲ್ಲ ಕಡಿದು ನೋಡುವ ನಾಯಿ ಮನೆಯಲ್ಲಿದ್ದರೆ ಮಾತ್ರ ಚಿಂತೆ ಶುರು. ಗಿಡ ಮುಟ್ಟಬಾರದು ಎಂದು ನಾಯಿಗೆ ಕಲಿಸಬಹುದು, ಕಲಿಸಲೂಬೇಕು. ಆದರೆ ನೀವು ಒಳಗಿದ್ದು ಅದು ಒಂಟಿಯಾಗಿ ಹಿತ್ತಲಲ್ಲಿದ್ದಾಗ ಆ ಪಾಠವನ್ನು ನಂಬಿಕೊಂಡು ಕೂರಲಾಗುವುದಿಲ್ಲ. ಅದು ಏನನ್ನಾದರೂ ತಿಂದೇ ತಿನ್ನುತ್ತದೆ ಎಂದುಕೊಂಡೇ ಗಿಡ ಆರಿಸಿ.

ಮೊದಲು ಪಟ್ಟಿ, ಆಮೇಲೆ ಗುದ್ದಲಿ

ಈಗಿರುವ ಗಿಡಗಳನ್ನೆಲ್ಲ ಒಂದೊಂದಾಗಿ ಬರೆದುಕೊಳ್ಳಿ. ಸಾಧ್ಯವಾದರೆ ಸಸ್ಯಶಾಸ್ತ್ರೀಯ ಹೆಸರನ್ನೂ ಸೇರಿಸಿ, ಮುಂದೆ ಪಶುವೈದ್ಯರಿಗೆ ಹೇಳಲು ಬೇಕಾಗುತ್ತದೆ. ಕೆಲವು ಗಿಡಗಳನ್ನು ಬೇರು ಸಮೇತ ತೆಗೆಯಲೇಬೇಕು. ಕಣಗಿಲೆ ಮತ್ತು ಹಳದಿ ಕಣಗಿಲೆಯ ಎಲ್ಲ ಭಾಗವೂ ವಿಷ, ಹೃದಯದ ಬಡಿತವನ್ನೇ ಕೆಡಿಸುತ್ತವೆ. ಒಣಗಿದ ಎಲೆಯಲ್ಲೂ ವಿಷ ಉಳಿಯುವುದರಿಂದ ಕಿತ್ತ ರೆಂಬೆಗಳನ್ನು ಮೂಲೆಯಲ್ಲಿ ರಾಶಿ ಹಾಕಬೇಡಿ. ಸುಡಲೂಬೇಡಿ, ಹೊಗೆ ನಿಮಗೂ ಕೆಟ್ಟದ್ದು. ಸೇಗೋ ಪಾಮ್ ಎಂದು ಮಾರುವ ಸೈಕಸ್ ಗಿಡ ನಾಯಿಯ ಯಕೃತ್ತನ್ನು ಹಾಳು ಮಾಡುತ್ತದೆ, ಬೀಜವಂತೂ ಬಹಳ ಅಪಾಯ. ಹರಳು (ಔಡಲ), ದತ್ತೂರ, ಅಡೇನಿಯಂ ಕೂಡ ಇದೇ ಸಾಲಿಗೆ ಸೇರಿದವು. ಇವು ಎಷ್ಟೇ ಚೆಂದ ಇದ್ದರೂ ಬೇಲಿ ಹಾಕಿ ಉಳಿಸಿಕೊಳ್ಳುವ ಆಸೆ ಬೇಡ. ಬೇಲಿ ಒಂದು ದಿನ ಸಡಿಲವಾಗುತ್ತದೆ.

ಮನಿ ಪ್ಲಾಂಟ್, ಡೈಫೆನ್‌ಬೇಕಿಯಾ, ಮಾನ್‌ಸ್ಟೆರಾ, ಕ್ಯಾಲೇಡಿಯಂ, ಕೆಸು ಇವುಗಳ ವಿಷಯ ಬೇರೆ. ಇವುಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ಕಡಿದ ಕೂಡಲೇ ಬಾಯಿ ಉರಿದು ಜೊಲ್ಲು ಸುರಿಯುತ್ತದೆ, ನಾಲಿಗೆ ಊದಿಕೊಳ್ಳಬಹುದು. ನಾಯಿಗೆ ಎಟುಕದಷ್ಟು ಎತ್ತರದಲ್ಲಿ ತೂಗುಹಾಕಿ, ಕೆಳಗೆ ಇಳಿಬಿದ್ದ ಬಳ್ಳಿಯನ್ನು ಆಗಾಗ ಕತ್ತರಿಸಿ. ಲೋಳೆಸರವನ್ನೂ ಮೇಲೆಯೇ ಇಡಿ. ಅದನ್ನು ತಿಂದರೆ ವಾಂತಿ, ಭೇದಿ ಆಗುತ್ತದೆ.

ಏನು ನೆಡಬಹುದು?

ಬಿಸಿಲಿಗೆ ದಾಸವಾಳ, ಮಲ್ಲಿಗೆ, ಜಿನಿಯಾ, ಸೂರ್ಯಕಾಂತಿ. ನೆರಳಿಗೆ ಅರೆಕಾ ಪಾಮ್, ಬಾಸ್ಟನ್ ಫರ್ನ್, ಕ್ಯಾಲೇಥಿಯಾ, ಸ್ಪೈಡರ್ ಪ್ಲಾಂಟ್. ಜಾಗ ಇದ್ದರೆ ಬಾಳೆ. ತರಕಾರಿಯಲ್ಲಿ ಸೌತೆ, ಬೆಂಡೆ, ಕುಂಬಳ, ಬೀನ್ಸ್ ಧೈರ್ಯವಾಗಿ ಹಾಕಿ. ಟೊಮೆಟೊ ಗಿಡದ ಎಲೆ ಮತ್ತು ಕಾಂಡ ನಾಯಿಗೆ ಆಗುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ ರಕ್ತದ ಕೆಂಪುಕಣಗಳನ್ನೇ ಒಡೆಯುತ್ತವೆ. ಇವನ್ನು ಬಾಗಿಲಿರುವ ಗಟ್ಟಿ ಬೇಲಿಯೊಳಗೆ ಮಾತ್ರ ಬೆಳೆಸಿ. ವಿಷವಿಲ್ಲದ ಎಲೆಯನ್ನೂ ಜಾಸ್ತಿ ತಿಂದರೆ ನಾಯಿ ವಾಂತಿ ಮಾಡಬಹುದು, ಅದಕ್ಕೆ ಗಾಬರಿ ಬೇಡ.

ನಾಯಿಗೂ ಒಂದು ಪಾತಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಜಾಸ್ತಿ ಫಲ ಕೊಡುವುದು ಇದೇ. ಹುಲ್ಲು ಮೇಯುವುದು ನಾಯಿಗಳಲ್ಲಿ ಸಹಜ. ಅದನ್ನು ಸುಮ್ನೆ ಗದರಿ ನಿಲ್ಲಿಸುವ ಬದಲು ಅದರದ್ದೇ ಹುಲ್ಲು ಕೊಡಿ. ಗೋಧಿಯನ್ನು ರಾತ್ರಿ ನೆನೆಸಿ, ತಳದಲ್ಲಿ ತೂತಿರುವ ಟ್ರೇಯಲ್ಲಿ ತೆಳುವಾಗಿ ಹರಡಿ. ಒತ್ತಾಗಿ ಹಾಕಿದರೆ ತೇವದ ಗಾಳಿಯಲ್ಲಿ ಬೂಷ್ಟು ಬರುತ್ತದೆ, ಬೂಷ್ಟು ಬಂದ ಟ್ರೇ ಎಸೆಯಬೇಕು. ಎರಡು ಟ್ರೇ ಇದ್ದರೆ ಒಂದನ್ನು ಮೇಯುವಾಗ ಇನ್ನೊಂದು ಬೆಳೆಯುತ್ತದೆ. ನಾಯಿ ಬೇರೆ ಗಿಡಕ್ಕೆ ಬಾಯಿ ಹಾಕಿದಾಗೆಲ್ಲ ಕರೆದು ಈ ಟ್ರೇ ತೋರಿಸಿ, ಮೇದರೆ ಹೊಗಳಿ.

ಪಾತಿಗೆ ನೀರು ಹಾಕಿದ ಮೇಲೆಯೇ ನಾಯಿ ಅಲ್ಲಿ ಅಗೆಯುತ್ತದೆ, ಅಲ್ವಾ? ಅದಕ್ಕೆ ಬೇಕಿರುವುದು ತಂಪು. ನಾಯಿ ಮೈ ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ. ಗಾಳಿಯಲ್ಲಿ ತೇವ ಜಾಸ್ತಿ ಇದ್ದಷ್ಟೂ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ನೆರಳಲ್ಲಿ ಒಂದು ಗುಂಡಿ ತೋಡಿ, ಮರಳು ತುಂಬಿ, ಬೆಳಗ್ಗೆ ನೀರು ಚಿಮುಕಿಸಿ. ಪಕ್ಕದಲ್ಲಿ ಕುಡಿಯುವ ನೀರು ಇರಲಿ. ಉಳಿದ ಪಾತಿಗಳು ಬಚಾವಾಗುತ್ತವೆ.

ಹಾಗೆಯೇ ನಾಯಿ ದಿನಾ ಓಡಾಡುವ ದಾರಿಯನ್ನು ನೋಡಿಕೊಂಡು ಅಲ್ಲಿ ಏನೂ ನೆಡಬೇಡಿ. ಗಿಡಗಳ ನಡುವೆ ಅಂತರ ಬಿಟ್ಟರೆ ನಾಯಿಗೆ ಜಾಗ ಸಿಗುತ್ತದೆ. ಗಾಳಿಯಾಡಿ ಎಲೆಗೆ ಶಿಲೀಂಧ್ರ ರೋಗವೂ ಕಡಿಮೆ. ನೀರನ್ನು ಬೆಳಗ್ಗೆ, ಬುಡಕ್ಕೆ ಹಾಕಿ.

ಗೊಬ್ಬರ, ಔಷಧಿ

ಗಿಡಗಳಷ್ಟೇ ಎಚ್ಚರ ಇಲ್ಲೂ ಬೇಕು. ಹರಳಿನ ಹಿಂಡಿ ಗೊಬ್ಬರವನ್ನು ನಾಯಿ ತಿಂದರೆ ಪ್ರಾಣಕ್ಕೇ ಕುತ್ತು. ಎಲುಬಿನ ಪುಡಿ ಸೇರಿದರಂತೂ ವಾಸನೆಗೆ ಅದು ಬಿಡುವುದೇ ಇಲ್ಲ. ಬಸವನಹುಳಕ್ಕೆ ಹಾಕುವ ಮೆಟಾಲ್ಡಿಹೈಡ್ ಗುಳಿಗೆ ಬೇಡವೇ ಬೇಡ. ತಿಂದ ನಾಯಿಗೆ ನಡುಕ, ಸೆಳೆತ ಶುರುವಾಗುತ್ತದೆ. ರಾತ್ರಿ ಟಾರ್ಚ್ ಹಿಡಿದು ಬಸವನಹುಳಗಳನ್ನು ಕೈಯಿಂದ ಹೆಕ್ಕಿ ತೆಗೆಯಿರಿ. ಕಾಂಪೋಸ್ಟ್ ಡಬ್ಬಕ್ಕೆ ಭದ್ರವಾದ ಮುಚ್ಚಳ ಇರಲಿ. ಮಳೆಯಾದ ಮೇಲೆ ಎದ್ದ ಅಣಬೆಗಳನ್ನು ಕಿತ್ತುಹಾಕಿ. ಕುಂಡದ ತಟ್ಟೆಯಲ್ಲಿ ನೀರು ನಿಲ್ಲಲು ಬಿಡಬೇಡಿ, ನಾಯಿಯ ಹೃದಯಕ್ಕೆ ಸೇರುವ ಹುಳುವನ್ನು ಹರಡುವುದು ಸೊಳ್ಳೆಯೇ.

ತಿಂದೇಬಿಟ್ಟರೆ

ಬಾಯಲ್ಲಿ ಉಳಿದ ಚೂರು ತೆಗೆಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಉಪ್ಪೇ ವಿಷವಾಗಬಹುದು. ತಿಂದದ್ದು ವಿಷದ ಗಿಡವಾದರೆ ಲಕ್ಷಣ ಕಾಣಲಿ ಎಂದು ಕಾಯದೆ ತಕ್ಷಣ ಪಶುವೈದ್ಯರಿಗೆ ಫೋನ್ ಮಾಡಿ. ಯಾವ ಗಿಡ, ಎಷ್ಟು, ಯಾವಾಗ ಎಂದು ಹೇಳಿ. ಹೊರಡುವಾಗ ಗಿಡದ ಒಂದು ರೆಂಬೆಯನ್ನು ಚೀಲದಲ್ಲಿ ಹಾಕಿಕೊಳ್ಳಿ. ರಾತ್ರಿಯೂ ತೆರೆದಿರುವ ಪಶು ಆಸ್ಪತ್ರೆಯ ನಂಬರನ್ನು ಇವತ್ತೇ ಫೋನಿನಲ್ಲಿ ಹಾಕಿಟ್ಟುಕೊಳ್ಳಿ.