ಆಂಟನಿಯ ಸವೆದ ಡಿನೇರಿಯಸ್‌ನಲ್ಲಿ ಹದಿನಾರು ಸಿಕ್ಕಿದ್ದು

"ಓದಲಾಗದ ನಾಣ್ಯ, ಬಿಟ್ಟುಬಿಡಿ" ಎಂದು ಎರಡು ವರ್ಷ ಹೇಳಿದವರೇ ಕಳೆದ ತಿಂಗಳು ನನ್ನ ಚಿತ್ರಗಳನ್ನು ನೋಡಿ ಒಪ್ಪಿಕೊಂಡರು. ಹೆಮ್ಮೆಯಾಯಿತು.

ನಾಣ್ಯ ರೋಮಿನ ಸೇನಾನಿ ಮಾರ್ಕ್ ಆಂಟನಿ ತನ್ನ ಲೀಜನ್‌ಗಳ (ಸೇನಾದಳಗಳ) ಸಂಖ್ಯೆ ಹಾಕಿಸಿ ಹೊಡೆಸಿದ ಡಿನೇರಿಯಸ್, ಅಂದರೆ ರೋಮಿನ ಬೆಳ್ಳಿ ನಾಣ್ಯ. ಲಂಡನ್ನಿನ ಮೇಳವೊಂದರಲ್ಲಿ ಸುಮಾರು 85 ಪೌಂಡಿಗೆ ಕೊಂಡೆ. ಟಂಕಸಾಲೆಯ ಗುರುತು ಇವುಗಳಲ್ಲಿ ಇರುವುದಿಲ್ಲ, ಕ್ರಿ.ಪೂ. 32-31ರ ಚಳಿಗಾಲದಲ್ಲಿ ಆತ ಬೀಡುಬಿಟ್ಟಿದ್ದ ಗ್ರೀಸಿನ ಪತ್ರಾಸ್ ಎಂದು ವಾಡಿಕೆಯಂತೆ ನಾನೂ ಬರೆದುಕೊಂಡೆ. ನನ್ನ ಹಟ ಇದ್ದದ್ದು ಲೀಜನ್ನಿನ ಸಂಖ್ಯೆಯ ಮೇಲೆ. ಹಿಂಬದಿಯಲ್ಲಿ ಎರಡು ಪತಾಕೆಗಳ ನಡುವೆ ಲೀಜನ್ನಿನ ಹದ್ದು; ಅದರ ಬಲಕ್ಕೆ ಎಕ್ಸ್ (ಹತ್ತು), ವಿ (ಐದು), ಅದಕ್ಕೆ ಒತ್ತಿಕೊಂಡೇ ಬೆಳ್ಳಿ ಪರೀಕ್ಷಿಸಲು ಚಿನಿವಾರ ಹೊಡೆದ ಅರ್ಧಚಂದ್ರದ ಗುದ್ದು. ಮಾರಿದವರ ಚೀಟಿಯಲ್ಲಿ "15" ಎಂದಿತ್ತು. ಗುದ್ದಿನಡಿ ಒಂದನ್ನು ಸೂಚಿಸುವ ಇನ್ನೊಂದು ಗೆರೆ ಅಡಗಿದೆ ಎಂದು ನನಗನ್ನಿಸಿತ್ತು.

ಅಕ್ಷರ ಸವೆದರೂ ನಾಣ್ಯ ಹೊಡೆದ ಅಚ್ಚಿನ ಗುರುತು ಉಳಿಯುತ್ತದೆ. ಪತಾಕೆಗಳ ಓರೆ, ಅವುಗಳ ಮೇಲಿನ ಬಿಲ್ಲೆಗಳ ಅಂತರ, ಹದ್ದಿನ ರೆಕ್ಕೆ ಅಂಚಿನ ಚುಕ್ಕಿಸಾಲಿಗೆ ಎಷ್ಟು ಹತ್ತಿರ ಎಂಬುದು: ಇವು ಇನ್ನೊಂದು ನಾಣ್ಯದೊಂದಿಗೆ ಹೊಂದಿದರೆ ಅದೇ ಹಿಂಬದಿ ಅಚ್ಚು, ಅದೇ ಸಂಖ್ಯೆ. ಹರಾಜು ಪಟ್ಟಿಗಳಿಂದ ಸಾವಿರಕ್ಕೂ ಹೆಚ್ಚು ಚಿತ್ರ ಕೂಡಿಸಿದೆ. ಮೊದಲ ನಾಲ್ಕು ತಿಂಗಳು ದಂಡವಾಯಿತು. ನನ್ನ ದೀಪ ಎಡಕ್ಕಿತ್ತು, ಹರಾಜಿನವರದು ಮೇಲಕ್ಕೆ. ನೆರಳು ಬದಲಾದರೆ ಒಂದೇ ಅಚ್ಚೂ ಬೇರೆಯಾಗಿ ಕಾಣುತ್ತದೆ. ಹೋಲಿಕೆಗೆಂದು ಕೊಂಡ ಇನ್ನೊಂದು ನಾಣ್ಯ ತಾಮ್ರದ ಮೇಲೆ ಬೆಳ್ಳಿ ಹೊದಿಸಿದ್ದು ಎಂದು ತಿಳಿದಾಗ 60 ಪೌಂಡ್ ನೀರಿಗೆ ಹೋಗಿತ್ತು. ಎಲ್ಲ ಸೇರಿ ಮುನ್ನೂರು ಪೌಂಡ್ ದಾಟಿರಬೇಕು.

ನಡುವೆ ಒಂದು ಹುಚ್ಚು. ಆಂಟನಿ ಡಿನೇರಿಯಸ್‌ಗೆ ಕಬ್ಬಿಣ ಬೆರೆಸಿದ ಎಂದು ರೋಮಿನ ಲೇಖಕ ಪ್ಲಿನಿ ಬರೆದಿದ್ದಾನಲ್ಲ, ನನ್ನಲ್ಲಿದ್ದ ಏಳಕ್ಕೂ ಬಲವಾದ ಅಯಸ್ಕಾಂತ ಹಿಡಿದೆ. ಒಂದೂ ಅಲುಗಲಿಲ್ಲ. ಬೆಳ್ಳಿ ಕೊಂಚ ಕಡಿಮೆ ಎಂಬುದು ಮಾತ್ರ ನಿಜ. ಅದಕ್ಕೇ ಜನ ಇವನ್ನು ಕೂಡಿಡದೆ ಖರ್ಚು ಮಾಡಿದರು, ಎರಡು ಶತಮಾನ ಕೈಯಿಂದ ಕೈಗೆ ಹೋಗಿ ಹೀಗೆ ಸವೆದವು.

ಆಮೇಲೆ ಚಿತ್ರಗಳನ್ನು ಅರೆಪಾರದರ್ಶಕ ಮಾಡಿ ಒಂದರ ಮೇಲೊಂದು ಇಟ್ಟೆ. ಯಾವ ಎರಡು ಬಿಂದುಗಳನ್ನು ಮೊದಲು ಕೂಡಿಸಬೇಕು ಎಂಬುದು ನನ್ನಲ್ಲೇ ಇರಲಿ. ಅದಕ್ಕೆ ಎರಡು ವರ್ಷ ತೆತ್ತಿದ್ದೇನೆ. ಒಂದು ರಾತ್ರಿ ಹರಾಜು ಪಟ್ಟಿಯ ಹೊಸತಿನಂಥ ನಾಣ್ಯವೊಂದರ ಪತಾಕೆಗಳೆರಡೂ ನನ್ನದರೊಂದಿಗೆ ಗೆರೆಗೆ ಗೆರೆ ಕೂಡಿದವು. ಆ ನಾಣ್ಯದಲ್ಲಿ ಸ್ಪಷ್ಟವಾಗಿ ಹದಿನಾರು. ನನ್ನದನ್ನು ದೀಪದಡಿ ಓರೆಯಾಗಿ ಹಿಡಿದು ಉಸಿರು ಬಿಟ್ಟೆ. ಆವಿ ಆರುವಾಗ ಗುದ್ದಿನ ಕೆಳಗಂಚಿನಲ್ಲಿ ಕೂದಲೆಳೆಯಷ್ಟು ಬೆಳ್ಳಿ ಉಬ್ಬಿ ನಿಂತಿತ್ತು, ಕೊನೆಯ ಗೆರೆಯ ಬುಡ.