ಗಿರಾಕಿ ಹುಡುಕಿದ ಪದವನ್ನು ರೆಫರರ್ ಲಿಂಕ್‌ನಿಂದ ಹೆಕ್ಕುವುದು ಹೇಗೆ

ಮುಂಬೈಯ ಮಾಟುಂಗಾದಲ್ಲಿ ನಮ್ಮ ಮಾವನವರದ್ದು ದಿನಸಿ ಅಂಗಡಿ. ಬ್ಯಾಡಗಿ ಮೆಣಸು, ಮಂಗಳೂರು ಸೌತೆ, ಪತ್ರೊಡೆಗೆ ಕೆಸುವಿನ ಎಲೆ ಬೇಕೆಂದು ಡೊಂಬಿವಲಿ, ಥಾಣೆಯಿಂದಲೂ ನಮ್ಮವರು ಬರುತ್ತಾರೆ. ಅಂಗಡಿಯ ವೆಬ್‌ಸೈಟ್ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಅಕ್ಕಿಯ ಪುಟಕ್ಕೆ ನಾನು ‘ಬಾಯ್ಲ್ಡ್ ರೈಸ್’ ಎಂದು ಹೆಸರಿಟ್ಟಿದ್ದೆ. ಮಾವ ನೋಡಿದವರೇ, "ಹಾಗೆ ಯಾರು ಕೇಳ್ತಾರೆ ಮಾರಾಯ್ತಿ? ಎಲ್ಲರೂ ಕುಚ್ಚಲಕ್ಕಿ ಅಂತಾನೇ ಕೇಳೋದು" ಅಂದರು. ಅವರ ಮಾತನ್ನು ಲೆಕ್ಕ ಹಾಕಿಯೇ ನೋಡೋಣವೆಂದು ಸರ್ವರ್ ಲಾಗ್ ತೆಗೆದೆ, ಅಂದರೆ ಸೈಟಿಗೆ ಬಂದ ಪ್ರತಿ ಕೋರಿಕೆಯನ್ನೂ ಸರ್ವರ್ ಒಂದೊಂದು ಸಾಲಾಗಿ ಬರೆದಿಡುವ ಕಡತ.

ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವಾಗ ಬ್ರೌಸರ್ ತಾನು ಎಲ್ಲಿಂದ ಬಂದೆ ಎಂದು ಹೇಳುತ್ತದಲ್ಲ, ಅದೇ ರೆಫರರ್. ಹಿಂದೆ ಗೂಗಲ್‌ನಿಂದ ಬಂದವರ ಲಿಂಕ್‌ನಲ್ಲಿ ‘ಕ್ಯೂ’ ಎಂಬ ಹೆಸರಿನ ಮುಂದೆ ಹುಡುಕಿದ ಪದ ಹಾಗೇ ಸಿಗುತ್ತಿತ್ತು. ಬಿಂಗ್‌ನಲ್ಲೂ ‘ಕ್ಯೂ’, ಯಾಹೂದಲ್ಲಿ ‘ಪಿ’. 2011ರ ಅಕ್ಟೋಬರಿನಿಂದ ಗೂಗಲ್ ಅದನ್ನು ಮುಚ್ಚತೊಡಗಿತು, 2013ರ ಹೊತ್ತಿಗೆ ಹೆಚ್ಚುಕಡಿಮೆ ಪೂರ್ತಿ ನಿಂತಿತು. 2020ರಲ್ಲಿ ಬಂದ ಕ್ರೋಮ್ 85ರಿಂದ ಬ್ರೌಸರೇ ಹೊರಗಿನ ಸೈಟಿಗೆ ಡೊಮೈನ್ ಮಾತ್ರ ಕೊಡುತ್ತದೆ. ಹಾಗಾಗಿ ಗೂಗಲ್‌ನ ಪದಗಳು ಬೇಕಾದರೆ ಸೈಟಿನ ಒಡೆಯರಿಗೆಂದು ಗೂಗಲ್ ಕೊಡುವ ಸರ್ಚ್ ಕನ್ಸೋಲ್ ನೋಡಿ, ಅಲ್ಲಿ 16 ತಿಂಗಳ ಲೆಕ್ಕ ಇರುತ್ತದೆ. ನಿಮ್ಮದೇ ಸೈಟಿನೊಳಗೆ ಒಂದು ಪುಟದಿಂದ ಇನ್ನೊಂದಕ್ಕೆ ಹೋದಾಗ ಮಾತ್ರ ಪೂರ್ತಿ ಲಿಂಕ್ ಈಗಲೂ ಬರುತ್ತದೆ. ನಮ್ಮದು ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ಕಟ್ಟಿದ ಸೈಟು, ಅದರ ಹುಡುಕುವ ಪೆಟ್ಟಿಗೆಯಲ್ಲಿ ಟೈಪ್ ಮಾಡಿದ್ದು ‘ಎಸ್’ ಎಂಬ ಹೆಸರಿನಡಿ ಕೂರುತ್ತದೆ. ಯಾವ ಪದ ಹುಡುಕಿ ಯಾವ ಸಾಮಾನನ್ನು ಒತ್ತಿದರು ಎನ್ನುವ ಜೋಡಿ ರೆಫರರ್‌ನಿಂದಲೇ ಸಿಗುತ್ತದೆ. ನನಗೆ ಬೇಕಾಗಿದ್ದದ್ದು ಅದೇ.

ಅಪಾಚೆ ಎಂಬ ವೆಬ್ ಸರ್ವರ್ ಬರೆಯುವ ಕಂಬೈನ್ಡ್ ಮಾದರಿಯ ಲಾಗ್‌ನ ಒಂದು ಸಾಲನ್ನು ಜೋಡಿ ಉದ್ಧರಣ ಚಿಹ್ನೆಯಲ್ಲಿ ಒಡೆದರೆ, 0ಯಿಂದ ಎಣಿಸಿ 3ನೇ ತುಂಡು ರೆಫರರ್. ಮುಂದಿನ ಕೆಲಸಕ್ಕೆ ಬೇಕಾದದ್ದು ಪೈಥಾನ್ ಭಾಷೆಯ ಯುಆರ್‌ಎಲ್‌ಲಿಬ್ ಡಾಟ್ ಪಾರ್ಸ್‌ನಲ್ಲೇ ಇದೆ. ಓದಲು ಸುಲಭವಾಗಲೆಂದು ಕನ್ನಡದಲ್ಲಿ ಬರೆಯುತ್ತೇನೆ, ನೀವು ಫಂಕ್ಷನ್ ಹೆಸರುಗಳನ್ನು, ಕ್ವೆರಿ ಮತ್ತು ‘ಎಸ್’ ಅನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿಕೊಳ್ಳಿ:

ಲಿಂಕ್ = ಸಾಲು.ಸ್ಪ್ಲಿಟ್('"')[3]
ಭಾಗ = ಯುಆರ್‌ಎಲ್‌ಸ್ಪ್ಲಿಟ್(ಲಿಂಕ್)
ಪದ = ಪಾರ್ಸ್_ಕ್ಯೂಎಸ್(ಭಾಗ.ಕ್ವೆರಿ).ಗೆಟ್('ಎಸ್', [''])[0]

ಪಾರ್ಸ್_ಕ್ಯೂಎಸ್ ಪ್ರತಿ ಹೆಸರಿಗೂ ಒಂದು ಪಟ್ಟಿ ಕೊಡುತ್ತದೆ, ಅದಕ್ಕೇ ಕೊನೆಗೆ [0]. ಪ್ಲಸ್ ಚಿಹ್ನೆಯನ್ನು ಖಾಲಿ ಜಾಗ ಮಾಡುವುದು, ಪರ್ಸೆಂಟ್ ಸಂಕೇತ ಬಿಡಿಸುವುದು ಎರಡೂ ಅದರದ್ದೇ ಕೆಲಸ. ಕನ್ನಡದ ‘ಕ’ ಲಿಂಕ್‌ನಲ್ಲಿ %ಇ0%ಬಿ2%95 ಆಗಿರುತ್ತದೆ. ‘ಕುಚ್ಚಲಕ್ಕಿ’ ಯೂನಿಕೋಡ್‌ನಲ್ಲಿ (ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಪದ್ಧತಿ) 10 ಸಂಕೇತ, 30 ಬೈಟ್. ಲಿಂಕ್‌ನಲ್ಲಿ 90 ಅಕ್ಷರಗಳ ಸರಮಾಲೆ. ಇದನ್ನು ಕೈಯಿಂದ ಬಿಡಿಸಲು ಹೋಗಬೇಡಿ. ನಾನು ಹೋಗಿದ್ದೆ: ಮೊದಲು ಇಡೀ ಲಿಂಕ್ ಬಿಡಿಸಿ, ಆಮೇಲೆ ‘&’ನಲ್ಲಿ ಒಡೆದೆ. ಯಾರೋ ‘ಇಡ್ಲಿ & ದೋಸೆ ಅಕ್ಕಿ’ ಎಂದು ಹುಡುಕಿದ್ದು ಬರೀ ‘ಇಡ್ಲಿ’ ಆಗಿ ಉಳಿಯಿತು. ಮೊದಲು ಒಡೆಯಬೇಕು, ಆಮೇಲೆ ಬಿಡಿಸಬೇಕು.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಹುಡುಕಾಟದ ಪುಟ ತೆರೆದಾಗ ಅದರೊಳಗಿನ ಪ್ರತಿ ಚಿತ್ರ, ಪ್ರತಿ ಸ್ಟೈಲ್ ಫೈಲ್ ಸಹ ಅದೇ ರೆಫರರ್ ಹೊತ್ತು ಬರುತ್ತದೆ. ಸಾಮಾನಿನ ಹನ್ನೆರಡು ಚಿತ್ರ ಇದ್ದರೆ ಒಂದೇ ಹುಡುಕಾಟ ಹನ್ನೆರಡು ಸಲವಾದರೂ ಲೆಕ್ಕಕ್ಕೆ ಬೀಳುತ್ತದೆ. ಹಾಗಾಗಿ 1ನೇ ತುಂಡಿನಲ್ಲಿರುವ ಕೋರಿಕೆಯನ್ನು ನೋಡಿ, ಸಾಮಾನಿನ ಪುಟಕ್ಕೆ ಹೋದ ಸಾಲು ಮಾತ್ರ ಇಟ್ಟುಕೊಳ್ಳಿ. ಲಿಂಕ್‌ನ ಹೋಸ್ಟ್ ನಿಮ್ಮದೇ ಡೊಮೈನ್ ಹೌದೋ ಅಂತಲೂ ನೋಡಿ. ಪೆಟ್ಟಿಗೆಯಲ್ಲಿ ಕೆಲವರು ಫೋನ್ ನಂಬರ್ ಸಹ ಟೈಪ್ ಮಾಡಿಬಿಡುತ್ತಾರೆ. ಸತತ ಹತ್ತು ಅಂಕಿ ಕಂಡರೆ ಆ ಸಾಲನ್ನು ಉಳಿಸಿಕೊಳ್ಳಲೇಬೇಡಿ, ಅದು ಇನ್ನೊಬ್ಬರ ಸೊತ್ತು.

ಈಗ ಎಣಿಸುವ ಮೊದಲು ತೊಳೆಯುವ ಕೆಲಸ. ನಮ್ಮ ಭಾಷೆಯವರು ಇದನ್ನು ಬಿಟ್ಟರೆ ಲೆಕ್ಕವೇ ಕೆಡುತ್ತದೆ. ‘ಕೊಬ್ಬರಿ’ಯ ‘ಕೊ’ ಕಣ್ಣಿಗೆ ಒಂದೇ. ಕಂಪ್ಯೂಟರಿಗೆ ಅದರ ಒತ್ವ ಒಂದೇ ಸಂಕೇತವಾಗಿರಬಹುದು, ಎತ್ವ ಮತ್ತು ಊತ್ವದ ಎರಡು ಸಂಕೇತ ಸೇರಿಯೂ ಆಗಿರಬಹುದು. ಪೈಥಾನ್‌ನ ಯೂನಿಕೋಡ್‌ಡೇಟಾದ ನಾರ್ಮಲೈಸ್‌ಗೆ ‘ಎನ್‌ಎಫ್‌ಸಿ’ (ಬಿಡಿ ಸಂಕೇತಗಳನ್ನು ಕೂಡಿಸಿದ ರೂಪ) ಎಂದು ಕೊಟ್ಟರೆ ಎರಡೂ ಒಂದಾಗುತ್ತವೆ. ‘ಬೀಟ್‌ರೂಟ್’, ‘ಬೀಟ್ರೂಟ್’ ನಡುವಿನ ವ್ಯತ್ಯಾಸ ಕಣ್ಣಿಗೆ ಕಾಣದ ಒಂದು ಸಂಕೇತ, ಯು+200ಸಿ. ಅದನ್ನು ಎನ್‌ಎಫ್‌ಸಿ ಮುಟ್ಟುವುದಿಲ್ಲ, ರಿಪ್ಲೇಸ್‌ನಿಂದ ನೀವೇ ತೆಗೆಯಬೇಕು. ತೆಗೆದ ರೂಪವನ್ನು ಎಣಿಸಲು ಮಾತ್ರ ಬಳಸಿ. ತೋರಿಸುವಾಗ ಗಿರಾಕಿ ಬರೆದದ್ದೇ ಇರಲಿ. ಆಮೇಲೆ ಅಕ್ಕಪಕ್ಕದ ಖಾಲಿ ಜಾಗ ಸ್ಟ್ರಿಪ್ ಮಾಡಿ, (ಪದ, ಪುಟ) ಜೋಡಿಯನ್ನು ಪೈಥಾನ್‌ನ ಎಣಿಸುವ ಸಲಕರಣೆಯಾದ ಕೌಂಟರ್‌ಗೆ ಹಾಕಿ, ಹೆಚ್ಚು ಸಲ ಬಂದದ್ದು ಯಾವುದೆಂದು ಮೋಸ್ಟ್_ಕಾಮನ್‌ನಿಂದ ಕೇಳಿ.

ಮಾವ ಹೇಳಿದ್ದೇ ನಿಜವಾಯಿತು. ಆದರೆ ಪದ ಒಂದೇ ರೂಪದಲ್ಲಿ ಇರಲಿಲ್ಲ: ಕುಚ್ಚಲಕ್ಕಿ, ಕುಚಲಕ್ಕಿ, ಕುಚ್ಲಕ್ಕಿ, ಕುಚ್ಚಿಲಕ್ಕಿ. ಯಾವ ನಾರ್ಮಲೈಸ್ ಕೂಡ ಇವನ್ನು ಸೇರಿಸಿಕೊಡುವುದಿಲ್ಲ. ಮಾವ ಗಲ್ಲಾದ ಮೇಲೆ ಕೂತು ಹಳೇ ಬಿಲ್ಲಿನ ಹಿಂಬದಿಯಲ್ಲಿ, ತಮಗೆ ನೆನಪಿರುವಷ್ಟು ರೂಪಗಳನ್ನು ಒಂದೊಂದು ಸಾಮಾನಿಗೂ ಬರೆದುಕೊಟ್ಟರು. ಅದನ್ನೇ ಡಿಕ್ಷನರಿ ಮಾಡಿ ಕೋಡ್‌ಗೆ ಸೇರಿಸಿದ್ದೇನೆ. ಅಕ್ಕಿಯ ಪುಟಕ್ಕೆ ಈಗ ಕುಚ್ಚಲಕ್ಕಿ ಎಂದೇ ಹೆಸರು.